ಹತ್ತು ಬೈ ಎಂಟರ ಕೋಣೆ: ಮಂಚದ ಮುಚ್ಚಳ ಕೊನೆಗೂ ಎದ್ದಿತು

ನಿನ್ನೆ ರಾತ್ರಿ ಅವ್ವ ಒಂದೇ ಕೈಯಲ್ಲಿ ಮಂಚದ ಮುಚ್ಚಳ ಎತ್ತಿ, ಒಳಗಿಂದ ಒಂದು ಕೌದಿ ತೆಗೆದು, ಏನೂ ಆಗಿಲ್ಲವೆಂಬಂತೆ ಹೊರಗೆ ಹೋದಳು. ನಾನು ಮಾತ್ರ ಅಲ್ಲೇ ನಿಂತುಬಿಟ್ಟೆ. ಐದು ವಾರದಿಂದ ಕಾಯುತ್ತಿದ್ದದ್ದು ಇದಕ್ಕೇ.

ಮೊದಲಿಂದ ಓದದವರಿಗೆ ಎರಡು ಮಾತು. ಕಲಬುರಗಿಯ ನಮ್ಮ ಹಳೆ ಕಲ್ಲಿನ ಮನೆಯಲ್ಲಿ ಅವ್ವನ ಕೋಣೆ 10 ಅಡಿ ಉದ್ದ, 8 ಅಡಿ ಅಗಲ. ಗೋಡೆಯೇ ಹತ್ತಿರ ಹತ್ತಿರ ಎರಡಡಿ ದಪ್ಪ, ಒಳಗೆ ಮಣ್ಣಿನ ಗಾರೆ. ಮೊಳೆ ಹೊಡೆದರೆ ಪುಡಿ ಉದುರುತ್ತದೆ. ಹಾಗಾಗಿ ಗೋಡೆಗೆ ಮಡಚುವ ಮಂಚದ ಆಸೆ ಬಿಟ್ಟು, 6 ಬೈ 4 ಅಡಿಯ ಪೆಟ್ಟಿಗೆ ಮಂಚ ಹಿಡಿದೆ. 80 ಚದರಡಿ ಕೋಣೆಯಲ್ಲಿ 24 ಚದರಡಿ ಮಂಚವೇ ತಿನ್ನುತ್ತದೆ. ಅದರ ಹೊಟ್ಟೆ ಖಾಲಿ ಬಿಡುವುದು ಹೇಗೆ? ಒಳಗೆ ಒಂದಡಿ ಆಳ ಸಿಕ್ಕರೂ 24 ಘನ ಅಡಿ ಜಾಗ ಆಯಿತು. ಶರಣಬಸವೇಶ್ವರ ಜಾತ್ರೆಗೆ ನೆಂಟರು ಬಂದಾಗ ಬೇಕಾಗುವ ಹಾಸಿಗೆ, ಕೌದಿ ಎಲ್ಲ ಅದರಲ್ಲೇ ಹಿಡಿಯುತ್ತವೆ.

ಪೆಟ್ಟಿಗೆ ಕೂಡಿಸಿದ್ದು, ಪಾಲಿಶ್ ಮಾಡಿದ್ದು ಇಲ್ಲಿ ಬರೆಯುವುದಿಲ್ಲ, ಅದು ನಿಮಗೆಲ್ಲ ಗೊತ್ತಿರುವ ಕೆಲಸ. ಒಂದೇ ಒಂದು ಎಚ್ಚರಿಕೆ. ಕೆಳಗೆ ಶಹಾಬಾದ್ ಕಲ್ಲಿನ ನೆಲ ಇದ್ದರೆ ಮಟ್ಟ ನಂಬಬೇಡಿ. ನಮ್ಮಲ್ಲಿ ಆರು ಅಡಿಗೆ 9 ಮಿ.ಮೀ. ಏರುಪೇರು ಇತ್ತು. ತಿರುಗಿಸಿ ಎತ್ತರ ಮಾಡುವ ಕಾಲು ಹಾಕಿಕೊಳ್ಳಿ.

ಈಗ ಅಸಲಿ ತಲೆನೋವು: ಮುಚ್ಚಳ.

18 ಮಿ.ಮೀ. ಪ್ಲೈವುಡ್ 25 ಕೆಜಿ, ಅದರಡಿಯ ಕಬ್ಬಿಣದ ಚೌಕಟ್ಟು 9 ಕೆಜಿ, ಮೇಲೆ ಅವ್ವನ ಹತ್ತಿ ಗಾದಿ 22 ಕೆಜಿ. ಒಟ್ಟು 56. ಫೋಮ್ ಹಾಸಿಗೆ ತಂದರೆ ಹಗುರ ಆಗುತ್ತದೆ ಅಂತ ಎಲ್ಲರೂ ಹೇಳಿದರು. ಆದರೆ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಲ್ಲಿ ಫೋಮ್ ಮೇಲೆ ಮಲಗಿ ನೋಡಿ, ಬೆನ್ನು ಬೆಂದುಹೋಗುತ್ತದೆ. ಗಾದಿ ಬದಲಾಗುವುದಿಲ್ಲ, ಮುಚ್ಚಳವೇ ಬದಲಾಗಬೇಕು ಅಂತ ನಿರ್ಧಾರ ಮಾಡಿದೆ.

ಮೊದಲ ಸಲ ಅಂಗಡಿಯಲ್ಲಿ ಸಿಗುವ ಮಂಚಗಳ ಹಾಗೇ ತಲೆದಿಂಬಿನ ಕಡೆ ಕೀಲು ಕೂರಿಸಿ, 800 ನ್ಯೂಟನ್‌ನ ಎರಡು ಗ್ಯಾಸ್ ಪಂಪು ಹಾಕಿದೆ. (ಹತ್ತು ನ್ಯೂಟನ್ ಅಂದರೆ ಹತ್ತಿರ ಹತ್ತಿರ ಒಂದು ಕೆಜಿಯ ನೂಕು. ಅಂಗಡಿಯವರು ಈ ಪಂಪನ್ನು ಹೈಡ್ರಾಲಿಕ್ ಅಂತಾರೆ. ಒಳಗೆ ಒತ್ತಡ ಕೊಡುವುದು ಸಾರಜನಕ ಅನಿಲ.) ಅವ್ವ ಎರಡೂ ಕೈ ಹಾಕಿ ಎತ್ತಿದಳು. ನಾಲ್ಕು ಬೆರಳು ಎದ್ದಿತು, ಅಷ್ಟೇ. "ನನ್ನ ಕೈಲೆ ಆಗಂಗಿಲ್ಲ ತಮ್ಮಾ, ಭುಜ ಹಿಡಿತದ" ಅಂದಳು. ಆ ಮಾತು ಕೇಳಿ ಬಹಳ ಬೇಜಾರಾಯಿತು. ಅವಳ ಭುಜದ ನೋವಿಗಾಗಿಯೇ ತಾನೇ ಇದೆಲ್ಲ ಶುರು ಮಾಡಿದ್ದು?

ಲಗೇಜ್ ತೂಗುವ ಕೈತಕ್ಕಡಿಯನ್ನು ಮುಚ್ಚಳದ ಅಂಚಿಗೆ ಸಿಕ್ಕಿಸಿ ಎಳೆದು ನೋಡಿದೆ. 18 ಕೆಜಿ. ಪಂಪೇ ಇಲ್ಲದಿದ್ದರೆ 28. ಎರಡು ಪಂಪು ಸೇರಿ ಇಳಿಸಿದ್ದು ಬರೀ 10 ಕೆಜಿ! ಯಾಕೆ ಅಂದರೆ ಮುಚ್ಚಿದಾಗ ಪಂಪು ಬಹುತೇಕ ಮಲಗಿರುತ್ತದೆ. ಪಂಪಿನ ಎರಡು ತುದಿಗೆ ದಾರ ಬಿಗಿದು, ಕೀಲಿನಿಂದ ಆ ದಾರಕ್ಕೆ ಮೂಲೆಮಟ್ಟ ಹಿಡಿದು ಅಳೆದೆ. 12 ಸೆಂ.ಮೀ. ಮಾತ್ರ. ಆದರೆ ಮುಚ್ಚಳದ ಭಾರ ಕೂತಿರುವುದು ಕೀಲಿನಿಂದ 91 ಸೆಂ.ಮೀ. ದೂರ. ಹನ್ನೆರಡು ಸೆಂಟಿಮೀಟರಿನಲ್ಲಿ ನಿಂತವನು ತೊಂಬತ್ತೊಂದರಲ್ಲಿ ನಿಂತವನ ಜತೆ ಹಗ್ಗ ಜಗ್ಗಿದ ಹಾಗೆ.

ಎರಡನೇ ಸಲ ಜೋರಾದ ಪಂಪು ತರಿಸೋಣ ಅಂತ ಹೈದರಾಬಾದಿನ ಒಂದು ಅಂಗಡಿಗೆ 1500 ನ್ಯೂಟನ್‌ನ ಜೋಡಿ ಹೇಳಿದೆ. ಒಂಬತ್ತು ದಿನ ಕಾಯಿಸಿದರು. ಬಂದ ತಕ್ಷಣ ಬಿಗಿದು, ಗಾದಿ ಹಾಕದೆ ಚಿಲಕ ತೆಗೆದೆ. ಮುಚ್ಚಳ ತಾನೇ ಎದ್ದಿತು, ಅದೂ ಸೊಟ್ಟಗೆ. ಎಡಮೂಲೆ ಮೇಲೆ, ಬಲಮೂಲೆ ಕೆಳಗೆ. ಕಟಕ್ ಅಂತ ಸದ್ದು, ಎಡಗಡೆ ಕೀಲಿನ ಮೂರು ಸ್ಕ್ರೂ ಪ್ಲೈವುಡ್ಡನ್ನು ಸೀಳಿಕೊಂಡೇ ಹೊರಬಂದವು. ಟಾರ್ಚ್ ಹಿಡಿದು ಪಂಪಿನ ಮೈ ಮೇಲಿನ ಅಚ್ಚು ಓದಿದೆ. ಒಂದು 1500, ಇನ್ನೊಂದು 1200! ಒಂದು ಬದಿಗೆ ಮೂವತ್ತು ಕೆಜಿ ಜಾಸ್ತಿ ನೂಕು. ಫೋನ್ ಮಾಡಿದರೆ "ಸ್ಟಿಕ್ಕರ್ ತಪ್ಪಿರಬಹುದು ಸರ್, ಮಾಲು ಒಂದೇ" ಅಂತಾರೆ. ನನ್ನ ಮುಚ್ಚಳ ಸ್ಟಿಕ್ಕರ್ ಓದಿ ಸೊಟ್ಟಗಾಯಿತಾ? ದಯವಿಟ್ಟು ಜೋಡಿ ಪಂಪು ತರಿಸಿದರೆ ಬಿಗಿಯುವ ಮೊದಲು ಎರಡರ ಅಂಕಿಯನ್ನೂ ಓದಿ. ಮತ್ತೆ ಗಾದಿ ಹಾಕದೆ ಚಿಲಕ ತೆಗೆಯಲೇಬೇಡಿ.

ಆ ರಾತ್ರಿ ನಿದ್ದೆ ಬರಲಿಲ್ಲ. ಪಡಸಾಲೆಗೆ ಬಂದು ಕೂತೆ. ಮಂಚ ಸೇರಲು ಕಾಯುತ್ತಿದ್ದ ಅವ್ವನ ಮದುವೆಯ ಟ್ರಂಕು ಅಲ್ಲೇ ಇತ್ತು. ಸುಮ್ನೆ ತೆಗೆದೆ, ಮುಚ್ಚಿದೆ. ಮತ್ತೆ ತೆಗೆದೆ. ಆಗ ಹೊಳೆಯಿತು. ಯಾವ ಟ್ರಂಕಿಗಾದರೂ ಗಿಡ್ಡ ಬದಿಯಲ್ಲಿ ಕೀಲು ಇರುತ್ತದಾ? ಉದ್ದನೆಯ ಬದಿಗೇ ಇರುತ್ತದೆ!

ಕೀಲನ್ನು ಆರಡಿ ಬದಿಗೆ, ಗೋಡೆಯ ಕಡೆ ಹಾಕಿದರೆ ಭಾರದ ದೂರ 91ರಿಂದ 61 ಸೆಂ.ಮೀ.ಗೆ ಇಳಿಯುತ್ತದೆ. ಪಂಪಿನ 12 ಸೆಂ.ಮೀ. ಹಾಗೇ ಇರುತ್ತದೆ. 1200ರ ಜೋಡಿಯೇ ಸಾಕು. ಅಂದರೆ ಅಂಗಡಿಯವರು ತಪ್ಪಾಗಿ ಕಳಿಸಿದ್ದೇ ನನಗೆ ಬೇಕಾದದ್ದು! 1500ರದ್ದನ್ನು ವಾಪಸ್ ಕೊಟ್ಟು ಇನ್ನೊಂದು 1200 ತರಿಸಿಕೊಂಡೆ. ಅದಕ್ಕೆ ಮತ್ತೆ ಹನ್ನೊಂದು ದಿನ.

ಕಾಯುವಾಗ ಕೈ ಸುಮ್ಮನಿರಲಿಲ್ಲ. ಕಿಟಕಿ ಪಕ್ಕದ ಗೋಡೆಯಲ್ಲಿ ಹಳೆ ಕಾಲದ ಮಾಡ ಇದೆಯಲ್ಲ, ದೀಪ ಇಡುತ್ತಿದ್ದದ್ದು, ಅದನ್ನು ಅಳೆದೆ. 14 ಇಂಚು ಆಳ! ಎರಡಡಿ ಗೋಡೆ ಕೋಣೆಯ ಜಾಗ ತಿಂದಿದೆ ಅಂತ ಇಷ್ಟು ದಿನ ಬೈಯುತ್ತಿದ್ದೆ. ಈಗ ಅದೇ ಗೋಡೆ ಜಾಗ ವಾಪಸ್ ಕೊಡುತ್ತಿದೆ. ಅದರೊಳಗೆ ತಂಗಿಗೆ ಓದುವ ಮೇಜು ಮಡಚಿ ಕೂರಬೇಕು. ತಳಕ್ಕೆ ಒಂದಿಂಚಿನ ಶಹಾಬಾದ್ ಹಾಸುಗಲ್ಲು, ಎರಡಡಿ ಬೈ ಒಂದೂವರೆ. ಅಷ್ಟಕ್ಕೇ 18 ಕೆಜಿ ತೂಗುತ್ತದೆ. ಆ ಭಾರವೇ ಮೇಜಿನ ಕೀಲನ್ನು ಹಿಡಿದುಕೊಳ್ಳುತ್ತದೆ, ಗೋಡೆಗೆ ಒಂದು ಮೊಳೆಯೂ ಬೇಡ. ಇದು ಮುಂದಿನ ಕೆಲಸ.

ಸರಿ, ಮಂಚಕ್ಕೆ ಬರೋಣ. ಕಿತ್ತುಹೋದ ಜಾಗಕ್ಕೆ ಸ್ಕ್ರೂ ನಂಬದೆ ಆರ್‌ಪಾರ್ ಬೋಲ್ಟು, ಹಿಂದೆ ಅಗಲ ವಾಷರು ಹಾಕಿದೆ. ಗಾದಿ ಹಾಸಿ, ತಕ್ಕಡಿ ಸಿಕ್ಕಿಸಿ ಎಳೆದೆ. ಲೆಕ್ಕದ ಪ್ರಕಾರ 4 ಕೆಜಿ ಬರಬೇಕಿತ್ತು. 5 ತೋರಿಸಿತು. ಒಂದು ಕೆಜಿ ಕೀಲು, ಪಂಪಿನ ಬಿಗಿತಕ್ಕೆ ಹೋಗಿರಬೇಕು. ಒಂದೂವರೆ ಅಡಿ ಎತ್ತಿದ ಮೇಲೆ ಮುಚ್ಚಳ ತಾನೇ ಮೇಲಕ್ಕೆ ಹೋಗುತ್ತದೆ.

ಆದರೆ ಗಾದಿ ಜಾರಿತು. ಹತ್ತಿ ಗಾದಿಗೆ ಬೆನ್ನೆಲುಬು ಇಲ್ಲ ನೋಡಿ, ಮುಚ್ಚಳ ಎದ್ದ ಕೂಡಲೇ ಕೀಲಿನ ಕಡೆ ಕುಸಿದು ಗುಡ್ಡೆಯಾಯಿತು. ಮುಚ್ಚಳ ತೆರೆಯುವುದನ್ನು 60 ಡಿಗ್ರಿಗೆ ತಡೆದೆ. ಹಳೆ ಮಂಚದ ನವಾರ ಪಟ್ಟಿ ಇತ್ತು, ಎರಡು ತುಂಡು ಗಾದಿಯ ಮೇಲೆ ಅಡ್ಡಲಾಗಿ ಬಿಗಿದೆ. ಉಳಿದ ತುಂಡನ್ನು ಮುಚ್ಚಳದ ಅಂಚಿಗೆ ಕುಣಿಕೆ ಮಾಡಿ ಕಟ್ಟಿದೆ. ಯಾಕೆಂದರೆ ಮುಚ್ಚುವಾಗ ಮೊದಲಿಗೆ 16 ಕೆಜಿಯಷ್ಟು ಜಗ್ಗಬೇಕು. ಭುಜ ಬಳಸುವ ಹಾಗಿಲ್ಲ. ಕುಣಿಕೆ ಹಿಡಿದು ಹಿಂದಕ್ಕೆ ವಾಲಿದರೆ ಮೈಭಾರಕ್ಕೇ ಇಳಿಯುತ್ತದೆ.

ಇನ್ನೊಂದು ಹೆದರಿಕೆ ಇತ್ತು. ಬಿಸಿಗೆ ಅನಿಲದ ಒತ್ತಡ ಏರುತ್ತದೆ. ಪಂಪಿನ ಅಂಕಿ 20 ಡಿಗ್ರಿಗೆ ಹಾಕಿದ್ದು. 42 ಡಿಗ್ರಿಯಲ್ಲಿ ಸುಮಾರು ನೂರಕ್ಕೆ ಏಳೂವರೆ ಜಾಸ್ತಿ ನೂಕುತ್ತದೆ. ಲೆಕ್ಕ ಹಾಕಿದೆ. ಗಾದಿ ಮೇಲಿದ್ದರೆ ಆಗಲೂ ಮುಚ್ಚಳ ಏಳುವುದಿಲ್ಲ, ಎತ್ತಲು ಇನ್ನೂ ಹಗುರ ಆಗುತ್ತದೆ, ಅಷ್ಟೇ. ಗಾದಿ ಬಿಸಿಲಿಗೆ ಹಾಕುವ ದಿನ ಮಾತ್ರ ಚಿಲಕ ಬೇಕೇ ಬೇಕು.

ರಾತ್ರಿ ಅವ್ವ ಕೌದಿ ತೆಗೆದುಕೊಂಡು ಹೋದವಳು ಬಾಗಿಲಲ್ಲಿ ತಿರುಗಿ ನೋಡಿದಳು. "ಹಗೂರ ಆಗ್ಯಾದಲೋ" ಅಂದಳು. ಮತ್ತೆ ಬಂದು, ಏನೂ ಬೇಡದಿದ್ದರೂ, ಇನ್ನೊಂದು ಸಲ ಎತ್ತಿದಳು.