ನಮ್ಮ ಆಯಿ ಏನೂ ಹೇಳಲ್ಲ, ಏನಂತ ಕೇಳಬೇಕು?

ಕಲಬುರಗಿ, ಬೀದರ್ ಕಡೆಯ ಹಿರಿಯರನ್ನು ಮಾತಾಡಿಸಿ, ಅವರ ಬದುಕಿನ ಕಥೆ ರೆಕಾರ್ಡ್ ಮಾಡಿಕೊಳ್ಳುತ್ತೇನೆ. ಇದು ಗೊತ್ತಾದವರೆಲ್ಲ ಕೇಳುವುದು ಒಂದೇ: "ಫೋನ್ ಮುಂದಿಟ್ಟರೆ ನಮ್ಮ ಆಯಿ 'ನಂದೇನ್ ಕತಿ ಅದ, ಬಿಡು' ಅಂತಾಳೆ. ಏನಂತ ಕೇಳಬೇಕು?"

ಜೀವನದ ಕಥೆ ಹೇಳು ಅಂತ ಕೇಳಲೇಬೇಡಿ. ಅಷ್ಟು ದೊಡ್ಡ ಪ್ರಶ್ನೆಗೆ ಯಾರಿಗಾದರೂ ಬಾಯಿ ಕಟ್ಟುತ್ತದೆ. ಮಾಡಿದ ಕೆಲಸದ ಬಗ್ಗೆ ಕೇಳಿ. ಒಬ್ಬ ಆಯಿ ಮೊರದಲ್ಲಿ ತೊಗರಿ ಬೇಳೆ ಹಾಕಿಕೊಂಡು ಹರಳು ಆರಿಸುತ್ತಿದ್ದರು. ಮದುವೆ ಬಗ್ಗೆ ಕೇಳಿದೆ, ಮಾತಿಲ್ಲ. ಬೆಳಗಿನ ಜಾವ ಬೀಸುವಾಗ ಎದುರಿಗೆ ಯಾರು ಕೂರುತ್ತಿದ್ದರು ಅಂತ ಕೇಳಿದೆ. ಬೇಳೆ ಬಿಟ್ಟು, ಬೀಸುಕಲ್ಲಿನ ಗೂಟ ಹಿಡಿದವರ ಹಾಗೆ ಗಾಳಿಯಲ್ಲಿ ಕೈ ತಿರುಗಿಸಿದರು. ಅತ್ತೆಯ ಜೊತೆ ಹೇಳುತ್ತಿದ್ದ ಬೀಸುವ ಪದ ಶುರುವಾಯಿತು. ಪದದ ನಡುವೆ ತವರು ಬಿಟ್ಟು ಬಂದ ದಿನ, ಉಳಿಯದ ಮೊದಲ ಕೂಸು, ಎಲ್ಲ ಬಂತು. ರೆಕಾರ್ಡಿಂಗ್‌ನಲ್ಲಿ ಬೇಳೆಯ ಸರಸರ ಸದ್ದೂ ಇದೆ. ಇರಲಿ ಬಿಡಿ, ಕೈಗೆ ಕೆಲಸವಿದ್ದಾಗ ಮಾತು ಸಲೀಸು.

ಇಸವಿಯನ್ನೂ ಕೇಳಬೇಡಿ. ನಮ್ಮ ಹಿರಿಯರ ಲೆಕ್ಕವೇ ಬೇರೆ: ರಜಾಕಾರರ ಗದ್ದಲದಾಗ, ಪೊಲೀಸ್ ಆಕ್ಷನ್ ಆದ ಮ್ಯಾಲ, ಬರಗಾಲದಾಗ. ಇಸವಿ ನೀವೇ ಕೂಡಿಸಿಕೊಳ್ಳಿ. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಮ್ಮ ಭಾಗ ಹೈದರಾಬಾದ್ ನಿಜಾಮರ ಕೈಯಲ್ಲೇ ಇತ್ತು; ರಜಾಕಾರರು ಅವರ ಪರ ನಿಂತ ಖಾಸಗಿ ಪಡೆ. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಬಂತು, ಅದೇ ಪೊಲೀಸ್ ಆಕ್ಷನ್; 17ಕ್ಕೆ ನಿಜಾಮರು ಶರಣಾದರು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ನಿಜಾಮರ ರೊಕ್ಕ, ಅಂದರೆ ಹಾಲಿ ಸಿಕ್ಕಾ, ನೋಡಿದ್ದೀರಾ ಅಂತ ಕೇಳಿ. ಸಂತೆ, ಸಾಲ, ಕೂಲಿ ಎಲ್ಲ ತಾನೇ ಹೊರಬರುತ್ತದೆ. 1948ರಲ್ಲಿ ಹತ್ತು ವರ್ಷದವರಿಗೆ ಈಗ ತೊಂಬತ್ತರ ಹತ್ತಿರ. ದೀಪಾವಳಿ ರಜೆ ಬರಲಿ ಅಂತ ಕಾಯಬೇಡಿ.

ಆ ದಿನಗಳ ಮಾತು ಬಂದಾಗ ಜೋಪಾನ. ರಜಾಕಾರರಿಂದ ನೊಂದ ಮನೆಗಳಿವೆ. ಪೊಲೀಸ್ ಆಕ್ಷನ್ ಆದ ಮೇಲೆ ಗಂಡಸರನ್ನು ಕಳೆದುಕೊಂಡ ಮುಸ್ಲಿಂ ಮನೆಗಳೂ ಇವೆ. ಕೇಂದ್ರ ಸರ್ಕಾರ ಕಳಿಸಿದ್ದ ಸುಂದರಲಾಲ್ ಸಮಿತಿ, ಅತಿ ಜಾಸ್ತಿ ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾ ಮತ್ತು ಬೀದರ್ ಎರಡನ್ನೂ ಹೆಸರಿಸಿತ್ತು. ಎರಡೂ ಓಣಿಗಳಲ್ಲಿ ಕೂತು ಕೇಳಬೇಕು. ಒಂದೇ ಕಡೆ ಕೇಳಿ ಎದ್ದು ಬಂದರೆ ಸಿಗೋದು ಅರ್ಧ ಊರು. ದಖನಿಯಲ್ಲಿ, ಅಂದರೆ ನಮ್ಮ ಕಡೆಯ ಉರ್ದುವಿನಲ್ಲಿ, ಹೇಳಿದರೆ ದಖನಿಯಲ್ಲೇ ಇರಲಿ, ಕನ್ನಡದಲ್ಲಿ ಹೇಳಿ ಅಂತ ಕಾಡಬೇಡಿ. ನಡುವೆ ಮಾತು ನಿಂತರೆ ನೀವೂ ಸುಮ್ನಿರಿ. ಸಾಕು ಅಂದರೆ ಬಂದ್ ಮಾಡಿ. ಅವರು ಒಪ್ಪದೆ ಮನೆಯ ವಾಟ್ಸಾಪ್ ಗ್ರೂಪಿಗೂ ಹಾಕಬೇಡಿ. ನಂಬಿ ಹೇಳಿದ ಮಾತು ಅದು, ಅಲ್ವಾ?

ಉಳಿದದ್ದು ಸಣ್ಣ ಕೆಲಸ. ಫೋನ್ ಏರೋಪ್ಲೇನ್ ಮೋಡಿಗೆ ಹಾಕಿ, ಕೌದಿ ಮಡಚಿ ಅದರ ಮೇಲೆ ಇಡಿ. ನಮ್ಮ ಬೇಸಿಗೆಯಲ್ಲಿ ಫ್ಯಾನ್ ಬಂದ್ ಮಾಡಿ ಕೂರೋದು ಕಷ್ಟ, ಅದಕ್ಕೆ ಬೆಳಿಗ್ಗೆ ಬೇಗ ಕೂತುಬಿಡಿ. ಮುಗಿದ ಕೂಡಲೇ ಹೆಸರು, ಊರು, ತಾರೀಖು ಹಾಕಿ ಫೈಲ್ ಉಳಿಸಿ, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಡಿ.