ಬಾದಾಮಿಯಲ್ಲಿ ಕೇಳಿದ ಹೆಸರು: ಆಲಿಸ್ ಬೋನರ್

ಕಾಲೇಜಿನ ವಾರ್ಷಿಕ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕರು ಕೇಳಿದಾಗ ನನ್ನ ಮನಸ್ಸು ನೇರವಾಗಿ ಹೋದದ್ದು 1982ರ ಜನವರಿಗೆ, ಬಾದಾಮಿಯ ಒಂದನೆಯ ಗುಹೆಯ ಮುಂದೆ ನಾವು ಡ್ರಾಯಿಂಗ್ ಬೋರ್ಡುಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ ಆ ಮೂರು ದಿನಗಳಿಗೆ. ಗುಹೆಯ ಹೊರಗೆ ಬಲಬದಿಯ ಕೆಂಪು ಮರಳುಗಲ್ಲಿನಲ್ಲಿ ಹದಿನೆಂಟು ತೋಳುಗಳ ಶಿವ ಕುಣಿಯುತ್ತಿದ್ದಾನೆ. ಹಿಂದೆ ನಂದಿ, ಪಕ್ಕದಲ್ಲಿ ಗಣಪತಿ ಮತ್ತು ವಾದ್ಯ ನುಡಿಸುವವನು. ನಾವೆಲ್ಲ ವಾಡಿಕೆಯಂತೆ ಮುಖದಿಂದ ಆರಂಭಿಸಿ, ತೋಳುಗಳನ್ನು ಒಂದೊಂದಾಗಿ ಎಣಿಸುತ್ತ ಬರೆಯತೊಡಗಿದ್ದೆವು. ಮೇಷ್ಟ್ರು ಒಂದು ಸುತ್ತು ಬಂದು ಎಲ್ಲರ ಹಾಳೆಗಳನ್ನು ನೋಡಿ, “ತೋಳು ಆಮೇಲೆ ಬರೆಯಿರಿ. ಈ ತೋಳುಗಳೆಲ್ಲ ಎಲ್ಲಿಂದ ಹೊರಟಿವೆ ಎನ್ನುವುದನ್ನು ಮೊದಲು ಹುಡುಕಿ” ಎಂದರು. ಆಮೇಲೆ ತಮ್ಮ ಚೀಲದಿಂದ ಒಂದು ಕೈವಾರವನ್ನೂ, ಕಂದು ಕಾಗದದ ರಟ್ಟು ಹಾಕಿದ, ಗ್ರಂಥಾಲಯದ ಮುದ್ರೆಯಿದ್ದ ದಪ್ಪ ಪುಸ್ತಕವನ್ನೂ ಹೊರಗೆ ತೆಗೆದರು.

ಅದು ಹಿಂದೂ ಶಿಲ್ಪದ ಸಂಯೋಜನಾ ತತ್ತ್ವಗಳನ್ನು ಕುರಿತು ಆಲಿಸ್ ಬೋನರ್ ಬರೆದ ಪುಸ್ತಕ. 1962ರಲ್ಲಿ ಹಾಲೆಂಡಿನ ಲೈಡನ್ನಿನಿಂದ ಪ್ರಕಟವಾದದ್ದು, ಗುಹಾಲಯಗಳ ಕಾಲದ ಶಿಲ್ಪಗಳಿಗೆ ಸಂಬಂಧಿಸಿದ್ದು. ಅದರಲ್ಲಿ ಪರಿಚಿತ ಶಿಲ್ಪಗಳ ಮೇಲೆ ಒಂದು ವೃತ್ತ, ವೃತ್ತವನ್ನು ಸಮನಾಗಿ ಭಾಗಿಸುವ ವ್ಯಾಸಗಳು, ಅವಕ್ಕೆ ಸಮಾನಾಂತರವಾದ ಓರೆಗೆರೆಗಳು ಎಳೆಯಲ್ಪಟ್ಟಿದ್ದವು. ನೆಟ್ಟಗಿನ ಮತ್ತು ಅಡ್ಡಗೆರೆಗಳು ದೇಶವನ್ನು, ಎಂದರೆ ಸ್ಥಳದ ಹರವನ್ನು ಅಳೆಯುತ್ತವೆ, ಕೇಂದ್ರವನ್ನು ಹಾದುಹೋಗುವ ಓರೆಗೆರೆಗಳು ಚಲನೆಯನ್ನು, ಎಂದರೆ ಕಾಲವನ್ನು ಹಿಡಿಯುತ್ತವೆ, ಇವೆರಡನ್ನೂ ಒಂದುಗೂಡಿಸುವುದು ನಡುವಿನ ಬಿಂದು ಎಂಬುದು ಆಕೆಯ ವಾದ. ಮೇಷ್ಟ್ರು ಇದನ್ನು ವಿವರಿಸಿ ಮುಗಿಸಿದ ಮೇಲೆ, “ಬರೆದವರು ಹೋದ ವರ್ಷ ತೀರಿಕೊಂಡರು” ಎಂದು ಮನೆಯ ಹಿರಿಯರೊಬ್ಬರ ಸುದ್ದಿ ಹೇಳುವ ಧ್ವನಿಯಲ್ಲಿ ಹೇಳಿದ್ದು ನನಗೆ ಇಂದಿಗೂ ಕೇಳಿಸುತ್ತದೆ.

ಆ ಮೂರು ದಿನ ಅವರು ಆಕೆಯ ಬದುಕನ್ನು ಬಿಡಿಬಿಡಿಯಾಗಿ ಹೇಳಿದರು. ಉಳಿದದ್ದನ್ನು ನಾನು ಆಮೇಲಿನ ವರ್ಷಗಳಲ್ಲಿ ಓದಿ ತುಂಬಿಕೊಂಡೆ. ಆಲಿಸ್ ಬೋನರ್ ಸ್ವಿಟ್ಜರ್ಲೆಂಡಿನ ಕುಟುಂಬದವರು, ಹುಟ್ಟಿದ್ದು 1889ರಲ್ಲಿ ಇಟಲಿಯ ಲೆನ್ಯಾನೊದಲ್ಲಿ. ಕಲಾಭ್ಯಾಸ ಮಾಡಿದ್ದು ಯುರೋಪಿನಲ್ಲಿ, ಮೊದಲು ಹೆಸರು ಪಡೆದದ್ದು ಶಿಲ್ಪಿಯಾಗಿ. 1926ರಲ್ಲಿ ಜ್ಯೂರಿಕ್‌ನಲ್ಲಿ ಉದಯಶಂಕರರ ನೃತ್ಯವನ್ನು ಕಂಡು, ಆ ದೇಹದ ಚಲನೆಯನ್ನು ಗೆರೆಗಳಲ್ಲಿ ಹಿಡಿಯಲು ತೊಡಗಿದ್ದು ಆಕೆಯ ಬದುಕಿನ ದಿಕ್ಕನ್ನೇ ತಿರುಗಿಸಿತು. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕೆನಿಸುತ್ತದೆ. ಪುರಾತನ ಭಾರತದ ಮೋಹದಿಂದ ಬಂದ ವಿದೇಶಿ ವಿದುಷಿ ಎಂದು ಆಕೆಯನ್ನು ಗುರುತಿಸುವವರು ಬಹಳ. ಆದರೆ ಆಕೆಯನ್ನು ಇಲ್ಲಿಗೆ ಕರೆತಂದದ್ದು ಆ ಕಾಲದ ಹೊಸ ಕಲೆ. ಉದಯಶಂಕರರು ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಚಿತ್ರಕಲೆ ಕಲಿತವರು, ರಷ್ಯದ ಬ್ಯಾಲೆ ನರ್ತಕಿ ಆನಾ ಪಾವ್ಲೋವಾ ಅವರ ಜೊತೆ ಕುಣಿದವರು, ದೇವಾಲಯದ ಶಿಲ್ಪಗಳ ಭಂಗಿಗಳಿಂದ ಸ್ಫೂರ್ತಿ ಪಡೆದು ತಮ್ಮದೇ ನೃತ್ಯವನ್ನು ಕಟ್ಟುತ್ತಿದ್ದವರು. ಆ ಆಧುನಿಕ ನರ್ತಕನ ಹಿಂದೆ ಹೊರಟ ಬೋನರ್ 1930ರಲ್ಲಿ ಅವರೊಂದಿಗೆ ಭಾರತವನ್ನು ಸುತ್ತಿದರು, ಅವರ ತಂಡವನ್ನು ಕಟ್ಟುವುದರಲ್ಲಿ ಜೊತೆಗಾರರಾದರು, 1931ರಲ್ಲಿ ಪ್ಯಾರಿಸ್ಸಿನಲ್ಲಿ ಆ ತಂಡದ ಪ್ರದರ್ಶನ ನಡೆದಾಗ ಅದರ ಬೆನ್ನಿಗಿದ್ದರು. ಮುಂದೆ ಸಿತಾರ್ ವಾದಕರಾಗಿ ಹೆಸರಾದ, ಆಗಿನ್ನೂ ಎಳೆಯ ಹುಡುಗನಾಗಿದ್ದ ತಮ್ಮ ರವಿಶಂಕರರೂ ಇದ್ದ ತಂಡ ಅದು.

ಕೆಲವು ವರ್ಷಗಳ ಸಂಚಾರದ ನಂತರ ಆಕೆ ತಂಡವನ್ನು ಬಿಟ್ಟು, 1936ರಿಂದ ಕಾಶಿಯ ಅಸ್ಸಿ ಘಾಟಿನಲ್ಲಿ, ಗಂಗೆಯ ಮೇಲಿನ ಮನೆಯೊಂದರಲ್ಲಿ ನೆಲೆಸಿದರು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಆ ಮನೆಯೇ ಆಕೆಯ ಕಾರ್ಯಶಾಲೆಯಾಗಿತ್ತು. ಶಿಲ್ಪವನ್ನು ಹಿಂದಕ್ಕೆ ಬಿಟ್ಟು ಗೆರೆಗೂ ಬಣ್ಣಕ್ಕೂ ಹೊರಳಿದ್ದು ಭಾರತದಲ್ಲಿಯೇ. ಎಲ್ಲೋರದಂತಹ ಸ್ಥಳಗಳಲ್ಲಿ ದಿನಗಟ್ಟಲೆ ಶಿಲ್ಪಗಳ ಎದುರು ಕುಳಿತು, ಕಣ್ಣಿಗೆ ಕಂಡ ಸಮತೋಲ ಎಲ್ಲಿಂದ ಬರುತ್ತದೆಂದು ಕಾಗದದ ಮೇಲೆ ಹುಡುಕುತ್ತ ಹೋದಾಗ ಆ ವೃತ್ತಗಳು ಸಿಕ್ಕವು. ಕೈಯಲ್ಲಿ ಪೆನ್ಸಿಲ್ ಹಿಡಿದವರ ಪ್ರಶ್ನೆ ಅದು. ಆದ್ದರಿಂದಲೇ ನಮ್ಮಂತಹ ವಿದ್ಯಾರ್ಥಿಗಳಿಗೆ ಅದು ಒಡನೆ ಅರ್ಥವಾಯಿತು.

ಅರ್ಥವಾದದ್ದೇನೋ ನಿಜ, ಕೈಗೆ ಹತ್ತಲು ಮಾತ್ರ ಎರಡು ದಿನ ಹಿಡಿಯಿತು. ಮೇಷ್ಟ್ರು ಕೊಟ್ಟ ಫೋಟೋದ ಮೇಲೆ ಟ್ರೇಸಿಂಗ್ ಕಾಗದವನ್ನು ಹರಡಿ, ನಾನು ಕೈವಾರದ ಮೊನೆಯನ್ನು ಶಿವನ ಎದೆಯ ಮೇಲೆ ಊರಿದೆ. ವೃತ್ತ ತೋಳುಗಳನ್ನು ಮಾತ್ರ ಸುತ್ತಿ ಕಾಲುಗಳನ್ನು ಅನಾಥವಾಗಿ ಹೊರಗೆ ಬಿಟ್ಟಿತು. ಇನ್ನಷ್ಟು ಕೆಳಗೆ ಊರಿದೆ, ಕಿರೀಟ ತಪ್ಪಿಹೋಯಿತು. ಮೂರನೆಯ ಸಲ ಹೊಕ್ಕುಳಿನ ಬಳಿ ಊರಿ, ವೃತ್ತವನ್ನು ಭಾಗ ಮಾಡಿ ಗೆರೆಗಳನ್ನು ಎಳೆದಾಗ, ಬಾಗಿದ ಮೊಣಕಾಲು ಒಂದು ಗೆರೆಯ ಮೇಲೆ ಬಂದು ಕುಳಿತಿತು. ಬೀಸಣಿಗೆಯಂತೆ ಹರಡಿದ್ದ ತೋಳುಗಳಲ್ಲಿ ಹಲವು ಉಳಿದ ಗೆರೆಗಳ ಜಾಡಿನಲ್ಲೇ ಸಾಗಿದ್ದವು. ತಲೆಯೆತ್ತಿ ಬಂಡೆಯನ್ನು ನೋಡಿದೆ. ಅಲ್ಲಿ ಗೆರೆಯೂ ಇಲ್ಲ, ವೃತ್ತವೂ ಇಲ್ಲ, ಸಂಜೆಯ ಬಿಸಿಲಿನಲ್ಲಿ ಶಿವ ಕುಣಿಯುತ್ತಿದ್ದ. ಆದರೆ ಬೆಳಗಿನಿಂದ ನಾನು ಎಣಿಸಿದ್ದ ಹದಿನೆಂಟು ತೋಳುಗಳು ಈಗ ಒಂದೇ ಚಲನೆಯಾಗಿ ಕಂಡವು.

ಬೋನರ್ ಬಗ್ಗೆ ನನಗೊಂದು ಕೊರಗಿದೆ. ಶಿಲ್ಪಶಾಸ್ತ್ರದ ಕೆಲಸದ ನೆರಳಿನಲ್ಲಿ ಆಕೆಯ ಚಿತ್ರಗಳು ಮರೆಯಾದವು. ಒಡಿಶಾದ ಪಂಡಿತ ಸದಾಶಿವ ರಥಶರ್ಮರ ಜೊತೆಗೂಡಿ ಶಿಲ್ಪಪ್ರಕಾಶವೆಂಬ ವಾಸ್ತುಗ್ರಂಥವನ್ನು 1966ರಲ್ಲಿ ಅನುವಾದದೊಂದಿಗೆ ಹೊರತಂದದ್ದನ್ನು, 1972ರಲ್ಲಿ ಕೋನಾರ್ಕದ ಸೂರ್ಯದೇಗುಲದ ಮೇಲೆ ಹೊಸ ಬೆಳಕು ಚೆಲ್ಲಿದ್ದನ್ನು, 1974ರ ಪದ್ಮಭೂಷಣವನ್ನು ವಿದ್ವಾಂಸರು ಸ್ಮರಿಸುತ್ತಾರೆ. ಆದರೆ ಕಲಿತದ್ದನ್ನೆಲ್ಲ ತನ್ನ ಕುಂಚಕ್ಕೆ ಇಳಿಸಿ, ಪ್ರಕೃತಿ, ವಿಶ್ವರೂಪ, ಕಾಳಿ ಎಂಬ ಮೂರು ದೊಡ್ಡ ಚಿತ್ರಗಳನ್ನು ಆಕೆ ರಚಿಸಿದ್ದನ್ನು ಕಲಾವಿದ್ಯಾರ್ಥಿಗಳಲ್ಲಿ ಎಷ್ಟು ಮಂದಿ ಬಲ್ಲರು? ಅವು ಶಿಲ್ಪಗಳ ನಕಲುಗಳಲ್ಲ. ಹಳೆಯ ಕಟ್ಟಿನ ಒಳಗೆ ಇಪ್ಪತ್ತನೆಯ ಶತಮಾನದ ಒಬ್ಬ ಹೆಣ್ಣು ತಾನು ಕಂಡ ಸೃಷ್ಟಿಯನ್ನೂ ಲಯವನ್ನೂ ತುಂಬಿದ ಪ್ರಯತ್ನಗಳು. ಕಾಶಿ ಹಿಂದೂ ವಿಶ್ವವಿದ್ಯಾಲಯದ ಭಾರತ ಕಲಾ ಭವನದಲ್ಲಿ ಆಕೆಯ ಹೆಸರಿನ ವಿಭಾಗವಿದೆ. ಜ್ಯೂರಿಕ್‌ನ ರೀಟ್‌ಬರ್ಗ್ ಸಂಗ್ರಹಾಲಯದಲ್ಲೂ ಆಕೆಯ ಸಂಗ್ರಹವಿದೆ. ಕಾಶಿಗೆ ಹೋಗುವ ನಮ್ಮ ಕಾಲೇಜಿನ ಮಕ್ಕಳು ವಿಶ್ವನಾಥನ ದರ್ಶನದ ಜೊತೆಗೆ ಇದಕ್ಕೂ ಅರ್ಧ ದಿನವನ್ನು ಮೀಸಲಿಡಬೇಕೆಂದು ನಾನು ಮನಸಾರೆ ಕೇಳಿಕೊಳ್ಳುತ್ತೇನೆ.

ನಾನು ಕೊನೆಯ ವರ್ಷದಲ್ಲಿದ್ದಾಗ ಮೇಷ್ಟ್ರು ಹೊಸ ಪುಸ್ತಕವೊಂದನ್ನು ತರಗತಿಗೆ ತಂದರು. ಬೋನರ್ ಅವರ ಕೊನೆಯ ದುಡಿಮೆಯಾದ, ವಾಸ್ತುಸೂತ್ರ ಉಪನಿಷತ್ತು ಎಂಬ ಸಂಸ್ಕೃತ ಶಿಲ್ಪಗ್ರಂಥದ ಆವೃತ್ತಿ. ಆಕೆ ತೀರಿಕೊಂಡ ಮರುವರ್ಷ, 1982ರಲ್ಲಿ, ರಥಶರ್ಮ ಮತ್ತು ಸಂಸ್ಕೃತ ವಿದುಷಿ ಬೆಟಿನಾ ಬಾಯ್ಮರ್ ಅವರ ಹೆಸರುಗಳೊಂದಿಗೆ ಪ್ರಕಟವಾದದ್ದು. ಗೆರೆಗಳ ಆ ಕಟ್ಟಿಗೆ ಅದರಲ್ಲಿ ಖಿಲಪಂಜರ ಎಂಬ ಮಾತಿತ್ತು. ಆಕೆ ಕಣ್ಣಿನಿಂದ ಕಂಡುಕೊಂಡದ್ದಕ್ಕೆ ಇಷ್ಟು ವರ್ಷಗಳ ಮೇಲೆ ಶಾಸ್ತ್ರದ ಹೆಸರೊಂದು ಸಿಕ್ಕಿತ್ತು. ಮೇಷ್ಟ್ರು ಆ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು, ಕೈಯ ಸುಣ್ಣದ ಪುಡಿಯನ್ನು ಕೊಡವಿಕೊಂಡು, “ಬಾದಾಮಿಯ ಹಾಳೆಗಳು ಯಾರ ಬಳಿ ಇವೆ?” ಎಂದು ಕೇಳಿದರು. ಇಬ್ಬರು ಕೈಯೆತ್ತಿದೆವು. ಮರುದಿನ ಆ ಎರಡು ಟ್ರೇಸಿಂಗ್ ಹಾಳೆಗಳನ್ನು ಕಿಟಕಿಯ ಗಾಜಿಗೆ ಅಂಟಿಸಿ, ಮಧ್ಯಾಹ್ನದ ಗಂಟೆ ಬಾರಿಸಿದ ಮೇಲೂ ಇಡೀ ತರಗತಿ ಅವುಗಳ ಮುಂದೆಯೇ ನಿಂತಿತ್ತು.