ಕೈಬರಹ ಪತ್ರಿಕೆ: ಒತ್ತಕ್ಷರದ ಕಾಟಕ್ಕೆ ಮದ್ದು ಸಿಕ್ಕಿತು

ಜೆರಾಕ್ಸಿನಲ್ಲಿ ಒತ್ತಕ್ಷರ ಕೊನೆಗೂ ಬದುಕಿ ಉಳಿಯಿತು! ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳ 16 ಪುಟದ ಪತ್ರಿಕೆ ಇದು. ಎ4 ಹಾಳೆಯಲ್ಲಿ ಕೈಯಿಂದ ಬರೆದದ್ದನ್ನು ಜೆರಾಕ್ಸಿನಲ್ಲಿ ಶೇ. 71ಕ್ಕೆ ಇಳಿಸಿದರೆ ಅದರ ಅರ್ಧದಷ್ಟಿರುವ ಎ5 ಪುಟ. ಹಾಳೆಯ ಒಂದೇ ಬದಿಗೆ ಬರುವ ಎರಡು ಪುಟಗಳ ಸಂಖ್ಯೆ ಕೂಡಿದರೆ 17 ಬರಬೇಕು (1ರ ಜೊತೆ 16, 2ರ ಜೊತೆ 15), ಆಗಲೇ ಮಡಚಿದಾಗ ಪುಟಗಳು ಕ್ರಮವಾಗಿ ಕೂರುತ್ತವೆ.

ಕಾಟ ಶುರುವಾದದ್ದು ವಿಷಯವನ್ನು ಮಕ್ಕಳ ಇಷ್ಟಕ್ಕೇ ಬಿಟ್ಟ ಮೇಲೆ. ‘ಮಳೆಗಾಲ’, ‘ನಮ್ಮ ಶಾಲೆ’ ಎಂದು ಬರೆಸಿದರೆ ಅರ್ಧ ಪುಟಕ್ಕೆ ಪೆನ್ನು ನಿಲ್ಲುತ್ತದೆ. ತೋಟಕ್ಕೆ ಹೊಡೆಯುವ ಮದ್ದು, ತೆಯ್ಯದ (ದೈವದ ಕುಣಿತ) ಮುಖವರ್ಣಿಕೆ, ಯಕ್ಷಗಾನದ ಬಣ್ಣದ ವೇಷ ಎಂದರೆ ಹಾಳೆ ಸಾಲದೆ ಅಕ್ಷರ ಇರುವೆ ಸಾಲಾಗುತ್ತದೆ. ನೋಟ್‌ಬುಕ್ಕಿನ 8 ಮಿ.ಮೀ. ಅಂತರ ಇಳಿದಾಗ 6ಕ್ಕೂ ಕಡಿಮೆ. ಅಷ್ಟರಲ್ಲೇ ಮೇಲೆ ಗುಣಿತ, ಕೆಳಗೆ ಒತ್ತು. ಧನ ದನವಾಗುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡುವ ಲೆಕ್ಕದಲ್ಲಿ (1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು) ತುತ್ತಿನ ಒತ್ತು ಕೆಳಸಾಲಿನ ಸುಣ್ಣಕ್ಕೇ ಬಿದ್ದಿತ್ತು!

ಶುದ್ಧಪ್ರತಿ ಬರೆಸಿದರಾಯಿತಲ್ಲ ಎನ್ನಬೇಡಿ. ಎರಡನೇ ಸಲ ಬರೆಯುವ ಮಗು ವಾಕ್ಯ ಕತ್ತರಿಸುತ್ತದೆ, ಒತ್ತಿರುವ ಪದವನ್ನೇ ತಪ್ಪಿಸುತ್ತದೆ. ಮುಂದಿನ ಸಂಚಿಕೆಗೆ ಮತ್ತೆ ‘ಮಳೆಗಾಲ’. ಜೆರಾಕ್ಸ್ ಅಂಗಡಿಯವರು ಕಪ್ಪು ಹೆಚ್ಚಿಸಿ ಕೊಡುತ್ತಾರೆ. ಸಾಲಿಗೆಂದು ಎಳೆದ ಪೆನ್ಸಿಲ್ ಗೆರೆಯೂ ಮೂಡುತ್ತದೆ, ‘ಷ’ದ ಹೊಟ್ಟೆಯೂ ತುಂಬಿಹೋಗುತ್ತದೆ.

ಈಗ ನಿಂತ ವಿಧಾನ: 12 ಮಿ.ಮೀ. ಅಂತರದಲ್ಲಿ 20 ಗೆರೆಗಳನ್ನು ಕಪ್ಪು ಸ್ಕೆಚ್ ಪೆನ್ನಿನಲ್ಲಿ ದಪ್ಪಗೆ ಎಳೆದ ಹಾಳೆ ಅಡಿಗೆ, 70 ಜಿಎಸ್‌ಎಂ (ಚದರ ಮೀಟರಿಗೆ 70 ಗ್ರಾಂ ತೂಗುವ) ಬಿಳಿ ಹಾಳೆ ಮೇಲೆ, ಎರಡು ಕ್ಲಿಪ್. ಗೆರೆ ಮಗುವಿಗೆ ಕಾಣುತ್ತದೆ, ಜೆರಾಕ್ಸಿಗೆ ಬರುವುದಿಲ್ಲ. 0.7 ಮಿ.ಮೀ. ಮೊನೆಯ ಕಪ್ಪು ಜೆಲ್ ಪೆನ್ನೇ ಬೇಕು, 0.5ರದ್ದು ಇಳಿದಾಗ ಅಲ್ಲಲ್ಲಿ ಕಡಿಯುತ್ತದೆ. ಹೊಲಿಯುವ ಬದಿಗೆ 20 ಮಿ.ಮೀ. ಬಿಡಿ. ಬರಹ ಮುಗಿಯದಿದ್ದರೆ ಇನ್ನೊಂದು ಹಾಳೆ ಕೊಡಿ. ಮಡಚಿದ ಒಂದು ಹಾಳೆಗೆ 4 ಪುಟ, ಒಟ್ಟು ಪುಟ ಆ ಲೆಕ್ಕಕ್ಕೆ ಕೂರದಿದ್ದರೆ ಉಳಿದ ಪುಟಕ್ಕೆ ಚಿತ್ರ. ತಪ್ಪಿದ ಪದದ ಮೇಲೆ ಬಿಳಿ ತುಂಡು ಅಂಟಿಸಿ, ಅಂಚಿನ ನೆರಳು ಬೀಳದಂತೆ ಸುತ್ತ ವೈಟ್ನರ್.

ಅಂದ ಹಾಗೆ, ಮುಂದಿನದು ಮನೆಮಾತಿನ ಸಂಚಿಕೆ. ತುಳು, ಹವ್ಯಕ, ಮಲಯಾಳ, ಮರಾಟಿ, ಕೊಂಕಣಿ ಎಲ್ಲವೂ ಕನ್ನಡ ಲಿಪಿಯಲ್ಲಿ. ತುಳುವಿನ ಅರೆ ಉಕಾರಕ್ಕೆ (ಪೂರ್ತಿ ‘ಉ’ ಅಲ್ಲದ ಸ್ವರ) ಯಾವ ಗುರುತು ಎಂದು ಮಕ್ಕಳೇ ಜಗಳಾಡಿ ತೀರ್ಮಾನಿಸಲಿ.

ಕೇರಳದಲ್ಲಿ ಜೂನ್ 19ಕ್ಕೆ ಬರುವ ವಾಚನಾ ದಿನಕ್ಕೆ (ಓದಿನ ದಿನ) ಪತ್ರಿಕೆ ತರುವವರು ಕಾಗದದ ಕಟ್ಟು ಬಿಚ್ಚಿಡಬೇಡಿ. ತೇವ ಹೀರಿ ಸುರುಳಿಯಾಗಿ ಮೆಷಿನಿನಲ್ಲಿ ಸಿಕ್ಕಿಕೊಳ್ಳುತ್ತದೆ. ಎ4 ಕೇಳಿದರೆ ಅದಕ್ಕಿಂತ ಉದ್ದದ ಲೀಗಲ್ ಹಾಳೆ ಕೊಟ್ಟು ‘ಕತ್ತರಿಸಿ’ ಎನ್ನುವ ಅಂಗಡಿಯವರಿಗೆ ಏನೆನ್ನುವುದು! ಮಡಿಕೆಗೆ ಪಿನ್ ಹೊಡೆಯಲು ಉದ್ದ ಕೈಯ ಸ್ಟೇಪ್ಲರ್ ಕೇಳಿದರೆ ಮಂಗಳೂರಿನ ದಾರಿ ತೋರಿಸುತ್ತಾರೆ. ಅದರ ಬದಲು ಮಡಿಕೆಯಲ್ಲಿ ಮೂರು ತೂತು, ದಬ್ಬಣ, ಬೈಂಡಿಂಗ್ ನೂಲು ಸಾಕು. ಗಂಟು ಮಾತ್ರ ಒಳಬದಿಗೆ ಹಾಕಿ. ಹೊರಗಿದ್ದರೆ ಮಕ್ಕಳು ಎಳೆದು ಬಿಚ್ಚುತ್ತಾರೆ.